ಮೂರು ತಲೆಮಾರಿನ ನೋಟ

ಬ್ರುನ್ ನಗರದ ಮಠದ ತೋಟದಲ್ಲಿ ಗ್ರೆಗೋರ್ ಮೆಂಡೆಲ್ ಬಟಾಣಿ ಗಿಡಗಳನ್ನು ಬೆಳೆಸಿ, ತಂದೆತಾಯಿಗಳ ಗುಣಗಳು ಮಕ್ಕಳಿಗೆ ಇಳಿದುಬರುವ ನಿಯಮವನ್ನು ಕಂಡುಕೊಂಡ ಕಥೆ ನಮಗೆಲ್ಲ ಶಾಲೆಯ ದಿನಗಳಿಂದ ಪರಿಚಿತವಾದುದು. ೧೮೫೬ರಿಂದ ೧೮೬೩ರವರೆಗೆ ಆತ ನಡೆಸಿದ ಪ್ರಯೋಗಗಳಿಗೆ ಬಟಾಣಿಯಂಥ ಗಿಡವೇ ಬೇಕಾಗಿತ್ತು. ಅದು ಕೆಲವೇ ತಿಂಗಳುಗಳಲ್ಲಿ ಹೂಬಿಟ್ಟು, ಕಾಯಾಗಿ, ಬೀಜ ಬಲಿತು ಮುಂದಿನ ತಲೆಮಾರಿಗೆ ಅಣಿಯಾಗುತ್ತದೆ. ಮನುಷ್ಯನ ವಿಷಯ ಹಾಗಲ್ಲ. ಅಜ್ಜನ ನಡುವಯಸ್ಸನ್ನು ಕಂಡವನು ಮೊಮ್ಮಗನ ನಡುವಯಸ್ಸನ್ನೂ ಕಾಣುವುದು ಅಪರೂಪ. ಕಾಯಿಲೆಯೊಂದು ನಲವತ್ತರ ಆಸುಪಾಸಿನಲ್ಲಿ ತಲೆದೋರುವಂಥದಾದರೆ, ಅದು ಒಂದು ಮನೆತನದ ಮೂರು ತಲೆಮಾರುಗಳಲ್ಲಿ ಹರಿದುಬಂದುದನ್ನು ಕಣ್ಣಾರೆ ನೋಡಲು ಒಬ್ಬ ವೈದ್ಯನ ಆಯುಷ್ಯ ಸಾಲದು. ಆದರೂ ಅಂಥ ಒಂದು ಕಾಯಿಲೆಯ ವಂಶಗತಿಯನ್ನು, ಮೆಂಡೆಲನ ಹೆಸರನ್ನೇ ಕೇಳದಿದ್ದ ಹಳ್ಳಿಯ ವೈದ್ಯನೊಬ್ಬ ತಪ್ಪಿಲ್ಲದೆ ಹೇಳಿಬಿಟ್ಟ. ಅದು ಹೇಗೆ ಸಾಧ್ಯವಾಯಿತು, ಆ ತಿಳಿವಳಿಕೆಯಿಂದ ಮುಂದೆ ಯಾರಿಗೆ ಏನಾಯಿತು ಎಂಬುದನ್ನು ಇಂದು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಆ ಕಾಯಿಲೆಗೆ ಈಗ ಹಂಟಿಂಗ್‌ಟನ್ ರೋಗವೆಂದು ಹೆಸರು. ಹಿಂದೆ ಅದನ್ನು ಹಂಟಿಂಗ್‌ಟನ್ನನ ಕೊರಿಯಾ ಎನ್ನುತ್ತಿದ್ದರು. ಕೊರಿಯಾ ಎಂದೊಡನೆ ದೇಶದ ನೆನಪಾಗಬೇಕಿಲ್ಲ. ಗ್ರೀಕಿನಲ್ಲಿ ಆ ಮಾತಿಗೆ ಕುಣಿತವೆಂದರ್ಥ. ಮಿದುಳಿನ ಆಳದಲ್ಲಿ ನಮ್ಮ ಚಲನೆಯನ್ನು ಹದದಲ್ಲಿಡುವ ಭಾಗವೊಂದಿದೆ. ಅಲ್ಲಿಯ ಜೀವಕೋಶಗಳು ಕ್ರಮೇಣ ನಶಿಸುತ್ತ ಬರುತ್ತವೆ. ಮೊದಮೊದಲು ಬೆರಳು ಮಿಡುಕುತ್ತದೆ, ಹುಬ್ಬು ತಾನಾಗಿ ಏರುತ್ತದೆ. ಕೈಯಲ್ಲಿದ್ದ ಲೋಟ ಜಾರುತ್ತದೆ. ವರ್ಷಗಳು ಕಳೆದಂತೆ ಮೈಯೆಲ್ಲ ನುಲಿಯತೊಡಗುತ್ತದೆ, ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ. ಅದಕ್ಕಿಂತ ಮೊದಲೇ ಎಷ್ಟೋ ವೇಳೆ ಸ್ವಭಾವ ಕೆಟ್ಟಿರುತ್ತದೆ: ಶಾಂತವಾಗಿದ್ದವನು ಸಿಡುಕನಾಗುತ್ತಾನೆ, ಲೆಕ್ಕಪತ್ರದಲ್ಲಿ ಚುರುಕಾಗಿದ್ದವಳಿಗೆ ಸಣ್ಣ ಕೂಡಿಕೆ ತಪ್ಪುತ್ತದೆ. ಹದಿನೈದು ಇಪ್ಪತ್ತು ವರ್ಷಗಳಲ್ಲಿ ಎಲ್ಲ ಮುಗಿಯುತ್ತದೆ. ಸಾಮಾನ್ಯವಾಗಿ ಇದು ತೋರುವುದು ಮೂವತ್ತರಿಂದ ಐವತ್ತರ ನಡುವೆ, ಎಂದರೆ ಮದುವೆಯಾಗಿ, ಮಕ್ಕಳಾಗಿ, ಅವರು ಬೆಳೆಯುತ್ತಿರುವ ಹೊತ್ತಿಗೆ. ಈ ರೋಗದ ಕ್ರೌರ್ಯವೂ ಅದು ಅಳಿಯದೆ ಉಳಿದುಬಂದ ಗುಟ್ಟೂ ಅಲ್ಲಿಯೇ ಇದೆ.

ಅಮೆರಿಕದ ನ್ಯೂಯಾರ್ಕ್ ನಗರದ ಪೂರ್ವಕ್ಕೆ ಲಾಂಗ್ ಐಲೆಂಡ್ ಎಂಬ ನೀಳವಾದ ದ್ವೀಪ ಕಡಲಿನೊಳಕ್ಕೆ ಚಾಚಿಕೊಂಡಿದೆ. ಅದರ ತುದಿಯತ್ತ ಈಸ್ಟ್ ಹ್ಯಾಂಪ್ಟನ್ ಎಂಬ ಊರು. ಈಗ ಸಿರಿವಂತರ ಬೇಸಿಗೆಯ ಬಿಡಾರವಾಗಿರುವ ಈ ಊರು ಆಗ ಬೇಸಾಯಗಾರರ ಮತ್ತು ತಿಮಿಂಗಿಲ ಬೇಟೆಗಾರರ ನೆಲೆ. ೧೭೯೭ರಲ್ಲಿ ಏಬಲ್ ಹಂಟಿಂಗ್‌ಟನ್ ಎಂಬ ತರುಣ ವೈದ್ಯ ಇಲ್ಲಿಗೆ ಬಂದು ನೆಲಸಿದ. ಮುಂದೆ ಆತ ಅಮೆರಿಕದ ಕಾಂಗ್ರೆಸ್ಸಿನ ಸದಸ್ಯನೂ ಆದ. ಆದರೆ ನಮ್ಮ ಕಥೆಗೆ ಬೇಕಾದುದು ಆತನ ರಾಜಕೀಯವಲ್ಲ, ಆತ ಊರು ಬಿಡಲಿಲ್ಲ ಎಂಬುದು. ಆತನ ಮಗ ಜಾರ್ಜ್ ಲೀ ಹಂಟಿಂಗ್‌ಟನ್ ಅಲ್ಲಿಯೇ ವೈದ್ಯನಾದ. ಅವನ ಮಗ ಜಾರ್ಜ್ ಹುಟ್ಟಿದ್ದು ೧೮೫೦ರಲ್ಲಿ. ತಂದೆಯ ಗಾಡಿಯಲ್ಲಿ ಕುಳಿತು ರೋಗಿಗಳ ಮನೆಮನೆಗೆ ಹೋಗುವುದು ಹುಡುಗನ ರೂಢಿ. ಒಮ್ಮೆ ಈಸ್ಟ್ ಹ್ಯಾಂಪ್ಟನ್ನಿನಿಂದ ಅಮಗಾನ್‌ಸೆಟ್ಟಿಗೆ ಹೋಗುವ ಕಾಡುದಾರಿಯಲ್ಲಿ ಇಬ್ಬರು ಹೆಂಗಸರು ಎದುರಾದರು. ತಾಯಿ ಮತ್ತು ಮಗಳು. ಇಬ್ಬರೂ ಎತ್ತರದ, ಬಡಕಲಾದ ಮೈಯವರು. ಇಬ್ಬರೂ ಬಾಗುತ್ತ, ನುಲಿಯುತ್ತ, ಮುಖ ತಿರುಚುತ್ತ ಬರುತ್ತಿದ್ದರು. ಹುಡುಗ ಬೆರಗಾಗಿ, ತುಸು ಹೆದರಿ ನೋಡಿದ. ತಂದೆ ಗಾಡಿ ನಿಲ್ಲಿಸಿ ಅವರೊಡನೆ ಮಾತನಾಡಿ ಮುಂದೆ ಸಾಗಿದ. ಇದು ಏನಾಗಿರಬಹುದೆಂಬ ಪ್ರಶ್ನೆ ಅಂದಿನಿಂದ ತನ್ನನ್ನು ಬಿಡಲಿಲ್ಲವೆಂದು, ಐವತ್ತು ವರ್ಷಗಳಾದ ಮೇಲೆ, ೧೯೦೯ರಲ್ಲಿ, ನ್ಯೂಯಾರ್ಕಿನ ನರರೋಗ ತಜ್ಞರ ಸಭೆಯಲ್ಲಿ ಜಾರ್ಜ್ ಹಂಟಿಂಗ್‌ಟನ್ ನೆನಪಿಸಿಕೊಂಡ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ನಾವು ಮೆಚ್ಚುಗೆಯಿಂದಲೋ ಮೂದಲಿಕೆಯಿಂದಲೋ ಆಡುವ ಮಾತು ಆ ದಾರಿಯಲ್ಲಿ ಎಷ್ಟು ಭೀಕರವಾಗಿ ನಿಜವಾಗಿತ್ತು!

೧೮೭೧ರಲ್ಲಿ ಆತ ವೈದ್ಯ ಪದವಿ ಪಡೆದ. ಒಹಾಯೊ ರಾಜ್ಯದ ಸಣ್ಣ ಊರೊಂದಕ್ಕೆ ಹೋಗಿ ಸ್ವಂತ ವೃತ್ತಿ ಹೂಡಲು ಯತ್ನಿಸಿದ. ಅಲ್ಲಿ, ೧೮೭೨ರ ಫೆಬ್ರವರಿ ೧೫ರಂದು, ಮಿಡ್ಲ್‌ಪೋರ್ಟ್ ಎಂಬಲ್ಲಿ ಸೇರಿದ್ದ ಸ್ಥಳೀಯ ವೈದ್ಯರ ಎದುರಿಗೆ ಕೊರಿಯಾದ ಮೇಲೊಂದು ಪ್ರಬಂಧ ಓದಿದ. ಏಪ್ರಿಲ್ ೧೩ರಂದು ಅದು ಫಿಲಡೆಲ್ಫಿಯಾದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಆಗ ಆತನಿಗೆ ೨೨ ತುಂಬಿ ನಾಲ್ಕೇ ದಿನ. ಪ್ರಬಂಧದ ಬಹುಭಾಗ ಮಕ್ಕಳಿಗೆ ಬರುವ ಸಾಮಾನ್ಯ ಕೊರಿಯಾಕ್ಕೆ ಸಂಬಂಧಿಸಿದ್ದು. ಅದರಲ್ಲಿ ಹೊಸತೇನೂ ಇಲ್ಲ. ಕೊನೆಗೆ, ಹೊರಡುವ ಮುನ್ನ ನೆನಪಾದ ಮಾತೆಂಬಂತೆ, ಲಾಂಗ್ ಐಲೆಂಡಿನ ತುದಿಯಲ್ಲಿ ಕಂಡುಬರುವ ಇನ್ನೊಂದು ಬಗೆಯ ಕೊರಿಯಾದ ವಿಷಯವಾಗಿ ಕೆಲವು ಪರಿಚ್ಛೇದಗಳಿವೆ. ಅಷ್ಟರಲ್ಲಿ ಆತ ಮೂರು ಲಕ್ಷಣಗಳನ್ನು ಹೇಳಿ ಮುಗಿಸಿದ. ಅದು ವಂಶದಲ್ಲಿ ಇಳಿದುಬರುತ್ತದೆ. ಅದು ಬುದ್ಧಿವಿಕಲತೆಗೂ ಆತ್ಮಹತ್ಯೆಗೂ ಎಳೆಯುತ್ತದೆ. ಪ್ರಾಯ ತುಂಬಿದ ಮೇಲೆಯೇ ಅದು ತನ್ನ ಪೂರ್ಣ ರೂಪವನ್ನು ತೋರುತ್ತದೆ.

ಮೊದಲನೆಯ ಲಕ್ಷಣವನ್ನು ವಿವರಿಸುವಲ್ಲಿ ಆತನ ಮಾತು ಅಸಾಮಾನ್ಯವಾದ ಖಚಿತತೆಯನ್ನು ಪಡೆಯುತ್ತದೆ. ತಾಯಿಗೋ ತಂದೆಗೋ ರೋಗವಿದ್ದರೆ ಮಕ್ಕಳಲ್ಲಿ ಒಬ್ಬರಿಗಾದರೂ ಅದು ಬರುವುದು ಬಹುಮಟ್ಟಿಗೆ ನಿಶ್ಚಿತ. ಆದರೆ ಯಾವ ಮಗ, ಯಾವ ಮಗಳು ಅದಕ್ಕೆ ಸಿಕ್ಕದೆ ಜೀವಮಾನ ಕಳೆಯುತ್ತಾರೋ ಅವರಲ್ಲಿಗೆ ಎಳೆ ಕಡಿಯಿತು. ಅವರ ಮಕ್ಕಳು ಮೊಮ್ಮಕ್ಕಳು ನಿಶ್ಚಿಂತೆಯಿಂದಿರಬಹುದು. ಅದು ಒಂದು ತಲೆಮಾರನ್ನು ಹಾರಿ ಇನ್ನೊಂದರಲ್ಲಿ ಕಾಣಿಸಿಕೊಳ್ಳುವುದಿಲ್ಲ. ಇದು ಆತನ ಮಾತಿನ ತಾತ್ಪರ್ಯ.

ಇದೇ ಕಾಯಿಲೆಯನ್ನು ಆತನಿಗಿಂತ ಮೊದಲೇ ಗಮನಿಸಿದವರಿದ್ದರು. ಚಾರ್ಲ್ಸ್ ವಾಟರ್ಸ್ ಎಂಬಾತ ೧೮೪೧ರಲ್ಲಿ ಬರೆದ ಪತ್ರವೊಂದು ಪಠ್ಯಗ್ರಂಥದಲ್ಲಿ ಸೇರಿತ್ತು. ೧೮೬೦ರಲ್ಲಿ ನಾರ್ವೆಯ ಲುಂಡ್ ಎಂಬ ವೈದ್ಯ ಅಲ್ಲಿಯ ಕಣಿವೆಯೊಂದರ ಕುಟುಂಬಗಳಲ್ಲಿ ಇದನ್ನು ಕಂಡು ವರದಿ ಮಾಡಿದ್ದ. ಆದರೆ ತಲೆಮಾರು ಹಾರುವುದಿಲ್ಲವೆಂದು ಅಷ್ಟು ಧೈರ್ಯವಾಗಿ ಹೇಳಲು ಬರಿಯ ಚುರುಕು ಕಣ್ಣು ಸಾಲದು. ರೋಗಿಯ ಮಗನೊಬ್ಬ ಮೂವತ್ತಕ್ಕೆ ಕಡಲಿನಲ್ಲಿ ಮುಳುಗಿ ಸತ್ತನೆನ್ನಿ. ಅವನಲ್ಲಿ ರೋಗ ಕಾಣಿಸಲೇ ಇಲ್ಲ. ಅವನ ಮಗಳಲ್ಲಿ ಕಾಣಿಸಿತು. ಹೊರಗಿನಿಂದ ಬಂದ ವೈದ್ಯ ಇದನ್ನು ನೋಡಿ ಅಜ್ಜನಿಂದ ನೇರವಾಗಿ ಮೊಮ್ಮಗಳಿಗೆ ಹಾರಿತೆಂದು ಬರೆದುಕೊಳ್ಳುತ್ತಾನೆ. ಆ ಮಗ ಎಷ್ಟನೆಯ ವಯಸ್ಸಿಗೆ, ಹೇಗೆ ಸತ್ತನೆಂದು ಬಲ್ಲವನು ಮಾತ್ರ ಹಾಗೆ ಬರೆಯುವುದಿಲ್ಲ. ಈಸ್ಟ್ ಹ್ಯಾಂಪ್ಟನ್ನಿನಲ್ಲಿ ಅದನ್ನು ಬಲ್ಲವರಿದ್ದರು. ಅಜ್ಜನ ಮತ್ತು ತಂದೆಯ ಒಟ್ಟು ೭೦ಕ್ಕೂ ಹೆಚ್ಚು ವರ್ಷಗಳ ವೃತ್ತಿಯ ಅನುಭವ ತರುಣ ಜಾರ್ಜನಿಗೆ ಪಿತ್ರಾರ್ಜಿತವಾಗಿ ಸಿಕ್ಕಿತ್ತು. ಪ್ರಬಂಧದ ಹಸ್ತಪ್ರತಿಯ ಮೇಲೆ ತಂದೆ ಸೀಸದ ಕಡ್ಡಿಯಿಂದ ಮಾಡಿದ ತಿದ್ದುಪಡಿಗಳಿವೆ. ರೋಗಿಗಳ ವಂಶ ಒಂದು ಕಡೆ, ಅವರನ್ನು ನೋಡುತ್ತ ಬಂದ ವೈದ್ಯರ ವಂಶ ಇನ್ನೊಂದು ಕಡೆ. ಒಂದು ಮನೆಯಲ್ಲಿ ರೋಗ ಇಳಿದುಬಂದಂತೆ ಇನ್ನೊಂದು ಮನೆಯಲ್ಲಿ ನೋಟ ಇಳಿದುಬಂತು.

ಪ್ರಬಂಧದ ಸಾರಾಂಶ ಅದೇ ವರ್ಷ ಜರ್ಮನಿಯಲ್ಲಿ ಪ್ರಕಟವಾಗಿ, ಆತನ ಹೆಸರು ಯೂರೋಪಿಗೆಲ್ಲ ಹಬ್ಬಿತು. ಆತನೋ, ಮತ್ತೆ ಸಂಶೋಧನೆಯ ಗೋಜಿಗೆ ಹೋಗಲಿಲ್ಲ. ಒಹಾಯೊವಿನಿಂದ ಹಿಂದಿರುಗಿ ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನಲ್ಲಿ ಸಾಮಾನ್ಯ ವೈದ್ಯನಾಗಿ, ಬಿಡುವಿನಲ್ಲಿ ಕೊಳಲು ನುಡಿಸುತ್ತ, ಚಿತ್ರ ಬರೆಯುತ್ತ ಬಾಳಿ ೧೯೧೬ರಲ್ಲಿ ತೀರಿಕೊಂಡ.

ಅಷ್ಟರಲ್ಲಿ ೧೯೦೦ ಬಂದಿತ್ತು. ಮರೆತುಹೋಗಿದ್ದ ಮೆಂಡೆಲನ ನಿಯಮಗಳು ಮತ್ತೆ ಬೆಳಕಿಗೆ ಬಂದಿದ್ದವು. ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ಮೊದಲಾದವರಿಗೆ ಹಂಟಿಂಗ್‌ಟನ್ ಹೇಳಿದ ಎಳೆಯ ಮಾತು ಮೆಂಡೆಲನ 'ಪ್ರಬಲ' ಗುಣಕ್ಕೆ ಕೈಗನ್ನಡಿಯಂತೆ ಕಂಡಿತು. ಇದನ್ನು ಇಲ್ಲಿ ತುಸು ಬಿಡಿಸಿ ಹೇಳುವುದು ಅಗತ್ಯ. ನಮ್ಮ ಪ್ರತಿಯೊಂದು ವಂಶವಾಹಿಯೂ ಜೋಡಿಯಾಗಿರುವುದೇ ಸಾಮಾನ್ಯ: ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ಕೆಲವು ಕಾಯಿಲೆಗಳು ತಲೆದೋರಬೇಕಾದರೆ ಎರಡೂ ಕೆಟ್ಟಿರಬೇಕು. ಥಲಸ್ಸೀಮಿಯಾದಂಥ ರಕ್ತರೋಗ ಈ ಜಾತಿಯದು. ತಾಯಿ ತಂದೆ ಇಬ್ಬರೂ ನೋಡಲು ಆರೋಗ್ಯವಂತರೇ. ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಅಡಗಿರುತ್ತದೆ. ಮಗುವಿಗೆ ಎರಡೂ ಕೆಟ್ಟವೇ ಸಿಕ್ಕುವ ಸಂಭವ ನಾಲ್ಕರಲ್ಲಿ ಒಂದು. ಇನ್ನು ಕೆಲವು ಲಿಂಗವನ್ನು ನಿರ್ಧರಿಸುವ ವರ್ಣತಂತುವಿನ ಮೇಲೇರಿ ಬರುತ್ತವೆ. ತಾಯಿ ವಾಹಕಳಾಗಿ ಮಗ ನರಳುವ ಹೀಮೋಫೀಲಿಯಾ ವಿಕ್ಟೋರಿಯಾ ರಾಣಿಯ ಸಂತಾನದ ಮೂಲಕ ರಷ್ಯದ ಚಕ್ರವರ್ತಿಯ ಮನೆಯನ್ನು ಹೊಕ್ಕ ಕಥೆ ಪ್ರಸಿದ್ಧವಾದುದು. ಹಂಟಿಂಗ್‌ಟನ್ ರೋಗಕ್ಕೆ ಇಷ್ಟು ಬಳಸುದಾರಿ ಬೇಕಿಲ್ಲ. ಜೋಡಿಯಲ್ಲಿ ಒಂದು ಕೆಟ್ಟರೆ ಸಾಕು. ರೋಗಿ ತನ್ನ ಮಗುವಿಗೆ ಕೊಡುವುದು ಎರಡರಲ್ಲಿ ಒಂದನ್ನು. ಕೆಟ್ಟದ್ದು ಹೋಗಬಹುದು, ಒಳ್ಳೆಯದು ಹೋಗಬಹುದು. ನಾಣ್ಯ ಚಿಮ್ಮಿದ ಹಾಗೆ. ಇಲ್ಲೊಂದು ತಪ್ಪು ತಿಳಿವಳಿಕೆ ಎಲ್ಲೆಡೆಯೂ ಉಂಟು. ನಾಲ್ವರು ಮಕ್ಕಳಿದ್ದರೆ ಇಬ್ಬರಿಗೆ ಬಂದೇ ಬರುತ್ತದೆ, ಅಣ್ಣನಿಗೆ ಬಂದರೆ ತಮ್ಮ ಪಾರಾದನೆಂದು ಜನ ಭಾವಿಸುತ್ತಾರೆ. ನಾಣ್ಯಕ್ಕೆ ನೆನಪಿಲ್ಲ. ಪ್ರತಿಯೊಂದು ಮಗುವಿಗೂ ಅದು ಹೊಸದಾಗಿ ಚಿಮ್ಮುತ್ತದೆ.

ಇದೇ ಪ್ರಬಲ ನಿಯಮದಂತೆ ಇಳಿದುಬರುವ ಬೇರೊಂದು ಕಾಯಿಲೆ ನಮ್ಮ ಮಲೆನಾಡಿನಲ್ಲಿಯೇ ಇದೆ. ೧೯೭೦ರ ದಶಕದ ನಡುವಿನಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬಡ ಕೃಷಿಕಾರ್ಮಿಕರ ಕುಟುಂಬಗಳಲ್ಲಿ ಸೊಂಟ ಮಂಡಿಗಳ ಕೀಲು ಕೆಟ್ಟು ನಡೆಯಲಾರದಾದವರನ್ನು ಕಂಡಾಗ, ಮೊದಲು ಅನುಮಾನ ಹೋದದ್ದು ಕೀಟನಾಶಕ ಬಿದ್ದ ಗದ್ದೆಯ ಏಡಿಗಳ ಮೇಲೆ. ಅದು ಮೂಳೆಯ ಬೆಳವಣಿಗೆಯ ದೋಷ, ವಂಶದಲ್ಲಿ ಇಳಿಯುವಂಥದು ಎಂದು ಗೊತ್ತಾದದ್ದು ಆಮೇಲೆ, ಮನೆತನಗಳ ವಂಶವೃಕ್ಷಗಳನ್ನು ಬರೆದು ನೋಡಿದಾಗ. ಅಲ್ಲಿಯೂ ಉತ್ತರವಿದ್ದುದು ಮನೆಯವರ ನೆನಪಿನಲ್ಲಿ.

ಲಾಂಗ್ ಐಲೆಂಡಿಗೆ ಹಿಂದಿರುಗೋಣ. ಈಸ್ಟ್ ಹ್ಯಾಂಪ್ಟನ್ ಇರುವ ದ್ವೀಪದಲ್ಲಿಯೇ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಎಂಬ ಇನ್ನೊಂದು ಸ್ಥಳ. ಅಲ್ಲಿ ೧೯೧೦ರಲ್ಲಿ ಚಾರ್ಲ್ಸ್ ಡೇವನ್‌ಪೋರ್ಟ್ ಎಂಬ ವಿಜ್ಞಾನಿ ಮನುಷ್ಯರ ತಳಿಯನ್ನು ಸುಧಾರಿಸುವ ಉದ್ದೇಶದ ದಾಖಲೆ ಕಚೇರಿಯೊಂದನ್ನು ತೆರೆದ. ಆತನ ಪರವಾಗಿ ಎಲಿಜಬೆತ್ ಮನ್ಸಿ ಎಂಬ ವೈದ್ಯೆ ಮನೆಮನೆಗೆ ಹೋಗಿ ವಂಶಾವಳಿಗಳನ್ನು ಕಲೆಹಾಕಿದಳು. ೧೯೧೬ರಲ್ಲಿ ಅವರಿಬ್ಬರ ಹೆಸರಿನಲ್ಲಿ ೯೬೨ ರೋಗಿಗಳ ವಿವರ ಪ್ರಕಟವಾಯಿತು. ಅವರೆಲ್ಲರೂ ಹದಿನೇಳನೆಯ ಶತಮಾನದಲ್ಲಿ ಬಂದ ಬೆರಳೆಣಿಕೆಯ ವಲಸೆಗಾರರ ಸಂತಾನವೆಂದೂ, ಇಂಥವರನ್ನು ದೇಶದೊಳಕ್ಕೆ ಬಿಡಬಾರದೆಂದೂ, ಇರುವವರಿಗೆ ಸಂತಾನವಾಗದಂತೆ ಸರ್ಕಾರ ತಡೆಯಬೇಕೆಂದೂ ಡೇವನ್‌ಪೋರ್ಟ್ ವಾದಿಸಿದ. ೧೯೩೨ರಲ್ಲಿ ವೆಸ್ಸಿ ಎಂಬ ಮನೋವೈದ್ಯ ಇನ್ನೂ ಮುಂದಕ್ಕೆ ಹೋದ. ೧೬೩೦ರಲ್ಲಿ ಇಂಗ್ಲೆಂಡಿನ ಸಫೋಕ್ ಪ್ರಾಂತದ ಬ್ಯೂರ್ಸ್ ಎಂಬ ಹಳ್ಳಿಯಿಂದ ಹಡಗು ಹತ್ತಿದ ಕೆಲವರೇ ಮೂಲಪುರುಷರೆಂದು ಆತ ಹೇಳಿದ್ದಲ್ಲದೆ, ಆ ವಂಶದ ಹೆಂಗಸರೇ ಮಾಟಗಾತಿಯರೆಂದು ವಿಚಾರಣೆಗೆ ಒಳಗಾದರೆಂದೂ ಬರೆದ. ಓದಲು ರೋಚಕವಾದ ಈ ಕಥೆ ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ನಲವತ್ತು ವರ್ಷ ಇಳಿದುಬಂತು. ತಪ್ಪುಗಳಿಗೂ ಆನುವಂಶೀಯತೆ ಉಂಟೆಂದು ತೋರುತ್ತದೆ. ಮುಂದೆ ದಾಖಲೆಗಳನ್ನು ತಿರುವಿ ನೋಡಿದವರಿಗೆ ಆ ವಂಶಾವಳಿಯ ಜೋಡಣೆಯೇ ಸರಿಯಲ್ಲವೆಂದೂ ಮಾಟಗಾತಿಯರಿಗೂ ಈ ರೋಗಕ್ಕೂ ನಂಟಿಗೆ ಆಧಾರವಿಲ್ಲವೆಂದೂ ಗೊತ್ತಾಯಿತು. ಅಷ್ಟು ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ೧೯೩೩ರ ಜುಲೈ ೧೪ರಂದು ಜರ್ಮನಿಯ ನಾತ್ಸಿ ಸರ್ಕಾರ ಮಾಡಿದ ಬಲವಂತದ ಸಂತಾನಹರಣದ ಕಾನೂನು ಹಂಟಿಂಗ್‌ಟನ್ ರೋಗವನ್ನು ಹೆಸರಿಟ್ಟೇ ಸೇರಿಸಿತು. ಆ ಕಾನೂನಿಗೆ ಬಲಿಯಾದ ಸುಮಾರು ೪ ಲಕ್ಷ ಜನರಲ್ಲಿ ಈ ರೋಗದವರದು ಸಣ್ಣ ಪಾಲು, ನಿಜ. ಹಳ್ಳಿಯ ವೈದ್ಯನೊಬ್ಬ ನೆರೆಹೊರೆಯವರ ಬಗ್ಗೆ ಕನಿಕರದಿಂದ ಬರೆದ ಮಾತು ಅಲ್ಲಿಗೆ ತಲುಪಿತೆಂಬುದೂ ನಿಜ.

ಆ ನೆರೆಹೊರೆಯವರು ನಿಜವಾಗಿ ಹೇಗೆ ಬಾಳಿದರೆಂಬುದನ್ನು ತಿಳಿಯಲು ಆಲಿಸ್ ವೆಕ್ಸ್‌ಲರ್ ಎಂಬ ಚರಿತ್ರಕಾರ್ತಿ ೨೦೦೮ರಲ್ಲಿ ಪ್ರಕಟಿಸಿದ ಗ್ರಂಥದವರೆಗೆ ಕಾಯಬೇಕಾಯಿತು. ಆಕೆ ಹೊರತೆಗೆದದ್ದು ಫೀಬಿ ಹೆಡ್ಜಸ್ ಎಂಬ ಗೃಹಿಣಿಯ ಕಥೆ. ೧೮೦೬ರ ಜೂನ್ ತಿಂಗಳಲ್ಲಿ ಒಂದು ದಿನ ಈಸ್ಟ್ ಹ್ಯಾಂಪ್ಟನ್ನಿನ ಈ ಹೆಂಗಸು ಕಡಲಿನೊಳಕ್ಕೆ ನಡೆದುಹೋದಳು. ತಾಯಿಯನ್ನು ಆವರಿಸಿದ್ದ ಕುಣಿತದ ಕಾಯಿಲೆ ತನ್ನಲ್ಲೂ ಮೊದಲಾಯಿತೆಂಬ ಭೀತಿಯೇ ಇದಕ್ಕೆ ಕಾರಣವೆಂದು ಅಂದಿನ ವೃತ್ತಪತ್ರಿಕೆ ಬರೆದಿತ್ತು. ಆಗ ಊರಿನಲ್ಲಿದ್ದ ವೈದ್ಯ ಏಬಲ್ ಹಂಟಿಂಗ್‌ಟನ್. ಜಾರ್ಜ್ ಹುಟ್ಟುವುದಕ್ಕೆ ಇನ್ನೂ ೪೪ ವರ್ಷಗಳಿದ್ದವು. ತಾಯಿಯಿಂದ ಮಗಳಿಗೆ ಇದು ಇಳಿಯುತ್ತದೆಂದು ಯಾವ ಪ್ರಬಂಧವೂ ಹೇಳುವುದಕ್ಕೆ ಮೊದಲೇ ಆ ಹೆಂಗಸಿಗೆ ಗೊತ್ತಿತ್ತು, ಊರಿಗೆ ಗೊತ್ತಿತ್ತು, ಪತ್ರಿಕೆಯವನಿಗೂ ಗೊತ್ತಿತ್ತು. ಮಾಟಗಾತಿಯರ ಕಥೆಗಿಂತ ಈ ಒಂದು ಸಣ್ಣ ಸುದ್ದಿ ನನ್ನನ್ನು ಹೆಚ್ಚು ಕಲಕುತ್ತದೆ. ಇನ್ನೊಂದು ಮಾತನ್ನೂ ಆಲಿಸ್ ತೋರಿಸಿಕೊಟ್ಟಳು. ಆ ಕಾಲದ ಈಸ್ಟ್ ಹ್ಯಾಂಪ್ಟನ್ನಿನಲ್ಲಿ ಈ ಕುಟುಂಬಗಳನ್ನು ಯಾರೂ ಊರಾಚೆ ಇಟ್ಟಿರಲಿಲ್ಲ. ಅವರು ಜಮೀನುದಾರರು, ಚರ್ಚಿನ ಸದಸ್ಯರು. ಅವರ ಮನೆಯಿಂದ ಹೆಣ್ಣು ತಂದರು, ಅವರ ಮನೆಗೆ ಹೆಣ್ಣು ಕೊಟ್ಟರು. ಕಳಂಕವೆಂಬುದು ಅಲ್ಲಿ ಗಾಢವಾದದ್ದು ವಿಜ್ಞಾನದ ಹೆಸರಿನಲ್ಲಿ ವಂಶಾವಳಿಗಳ ಪಟ್ಟಿ ಹಿಡಿದವರು ಬಂದ ಮೇಲೆ.

ಕಳಂಕದ ಹಿಂದೆಯೇ ಮೌನ ಬಂತು. ಅಮೆರಿಕದ ಜನಪ್ರಿಯ ಗಾಯಕ ವುಡಿ ಗತ್ರಿಯ ತಾಯಿಯನ್ನು ೧೯೨೭ರಲ್ಲಿ ಹುಚ್ಚಾಸ್ಪತ್ರೆಗೆ ಸೇರಿಸಿದರು. ಗತ್ರಿಯೂ ಕುಡುಕನೆಂದು, ಹುಚ್ಚನೆಂದು ಆಸ್ಪತ್ರೆಗಳನ್ನು ಸುತ್ತಿ, ೧೯೫೨ರಲ್ಲಿ ರೋಗದ ಹೆಸರು ಗೊತ್ತಾಗಿ, ೧೯೬೭ರಲ್ಲಿ ತೀರಿಕೊಂಡ. ಆತನೊಡನೆ ಸಂಸಾರ ನಡೆಸಿದ್ದ ಮಾರ್ಜರಿ ಗತ್ರಿ ಅದೇ ವರ್ಷ ಈ ರೋಗದ ಕುಟುಂಬಗಳ ಸಂಘವೊಂದನ್ನು ಕಟ್ಟಿದಳು. ಬಚ್ಚಿಡುವ ಕಾಲ ಮುಗಿಯಿತೆಂದು ಬಹಿರಂಗವಾಗಿ ಸಾರಿದ ಮೊದಲಿಗರಲ್ಲಿ ಆಕೆ ಒಬ್ಬಳು.

ಮರುವರ್ಷ, ೧೯೬೮ರಲ್ಲಿ, ಲಾಸ್ ಏಂಜಲೀಸ್ ನಗರದಲ್ಲಿ ನ್ಯಾಯಾಲಯದ ಪಂಚಾಯತಿದಾರಳಾಗಿ ಕರೆ ಬಂದು ಮುಂಜಾನೆ ಹೊರಟಿದ್ದ ಹೆಂಗಸೊಬ್ಬಳು ರಸ್ತೆ ದಾಟುತ್ತಿದ್ದಳು. ಇಷ್ಟು ಬೆಳಿಗ್ಗೆಯೇ ಕುಡಿದಿದ್ದೀಯಲ್ಲ, ನಾಚಿಕೆಯಾಗುವುದಿಲ್ಲವೇ ಎಂದು ಪೊಲೀಸನೊಬ್ಬ ಕೂಗಿ ಕೇಳಿದ. ಆಕೆ ಕುಡಿದಿರಲಿಲ್ಲ. ಆಕೆ ಲಿಯೊನೋರ್ ವೆಕ್ಸ್‌ಲರ್, ಪ್ರಾಣಿಶಾಸ್ತ್ರ ಓದಿದ್ದವಳು, ತಂದೆಯನ್ನೂ ಮೂವರು ಅಣ್ಣಂದಿರನ್ನೂ ಈ ರೋಗಕ್ಕೆ ಕಳೆದುಕೊಂಡವಳು. ಆಕೆಗೂ ಅದೇ ರೋಗವೆಂದು ವೈದ್ಯರು ಹೇಳಿದ ಮೇಲೆಯೇ ಆಕೆಯ ಹೆಣ್ಣುಮಕ್ಕಳಿಬ್ಬರಿಗೆ ವಿಷಯ ತಿಳಿದದ್ದು. ಹಿರಿಯಳು ನಾನು ಈಗ ಹೇಳಿದ ಚರಿತ್ರಕಾರ್ತಿ ಆಲಿಸ್. ಕಿರಿಯಳಾದ ನ್ಯಾನ್ಸಿಗೆ ಆಗ ೨೩ ವರ್ಷ. ತಂದೆ ಮಿಲ್ಟನ್ ವೆಕ್ಸ್‌ಲರ್ ಅದೇ ವರ್ಷ ವಂಶಗತ ರೋಗಗಳ ಸಂಶೋಧನೆಗಾಗಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದ.

ಅತ್ತ ದಕ್ಷಿಣ ಅಮೆರಿಕದ ವೆನಿಜುವೆಲಾ ದೇಶದಲ್ಲಿ, ಮರಕೈಬೊ ಎಂಬ ವಿಶಾಲ ಸರೋವರದ ಅಂಚಿನ ಬೆಸ್ತರ ಹಳ್ಳಿಗಳಲ್ಲಿ, ಇದೇ ತಪ್ಪು ನೋಟ ಇನ್ನೊಬ್ಬನನ್ನು ಸತ್ಯದತ್ತ ಕರೆದೊಯ್ದಿತ್ತು. ೧೯೫೦ರ ದಶಕದಲ್ಲಿ ಅಮೆರಿಕೊ ನೆಗ್ರೆಟ್ ಎಂಬ ತರುಣ ವೈದ್ಯ ಅಲ್ಲಿಗೆ ಬಂದಾಗ ತೂರಾಡುತ್ತ ನಡೆಯುವವರನ್ನು ಕಂಡು ಕುಡುಕರೆಂದುಕೊಂಡ. ಅಲ್ಲ, ಅವರಿಗೆ ಸಂತ ವೀಟೋನ ಕಾಯಿಲೆ ಎಂದು ಹಳ್ಳಿಯವರು ಹೇಳಿದರು. ಆತ ಪುಸ್ತಕ ತಿರುವಿ, ಕುಟುಂಬಗಳನ್ನು ವಿಚಾರಿಸಿ, ಇದು ಹಂಟಿಂಗ್‌ಟನ್ ರೋಗವೆಂದು ಬರೆದ. ಹೊರಗೆ ಹೆಚ್ಚು ಜನ ನಂಬಲಿಲ್ಲ. ಹಂಟಿಂಗ್‌ಟನ್ನನ ಪ್ರಬಂಧಕ್ಕೆ ನೂರು ವರ್ಷ ತುಂಬಿದ ನೆನಪಿಗೆ ೧೯೭೨ರಲ್ಲಿ ಒಹಾಯೊದಲ್ಲಿ ಸೇರಿದ ಸಮ್ಮೇಳನದಲ್ಲಿ ನೆಗ್ರೆಟ್‌ನ ಶಿಷ್ಯನೊಬ್ಬ ಆ ಹಳ್ಳಿಗಳ ಚಲನಚಿತ್ರವನ್ನು ತೋರಿಸಿದಾಗ ಸಭೆ ಮೂಕವಾಯಿತು.

ನ್ಯಾನ್ಸಿ ವೆಕ್ಸ್‌ಲರ್ ೧೯೭೯ರಲ್ಲಿ ಅಲ್ಲಿಗೆ ಮೊದಲ ಸಲ ಹೋದಳು. ೧೯೮೧ರಿಂದ ಪ್ರತಿವರ್ಷ ತಂಡ ಕಟ್ಟಿಕೊಂಡು ಹೋದಳು. ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಗುಡಿಸಿಲುಗಳಲ್ಲಿ ಕುಳಿತು, ಯಾರ ತಾಯಿ ಯಾರು, ಯಾರಿಗೆ ಎಷ್ಟು ಮಕ್ಕಳು, ಯಾರು ಹೇಗೆ ಸತ್ತರು ಎಂದು ಕೇಳಿ ಬರೆದುಕೊಂಡರು. ಆ ವಂಶವೃಕ್ಷ ಬೆಳೆದು ಹತ್ತು ತಲೆಮಾರುಗಳ ೧೮,೦೦೦ಕ್ಕೂ ಹೆಚ್ಚು ಜನರನ್ನು ಒಳಗೊಂಡಿತು. ಅದರ ಬುಡದಲ್ಲಿ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಬಾಳಿದ ಮರಿಯಾ ಕನ್ಸೆಪ್ಸಿಯೋನ್ ಎಂಬ ಹೆಂಗಸಿದ್ದಾಳೆ. ಈಸ್ಟ್ ಹ್ಯಾಂಪ್ಟನ್ನಿನಲ್ಲಿ ಮೂರು ತಲೆಮಾರಿನ ವೈದ್ಯರು ಮಾಡಿದ್ದನ್ನು ಇಲ್ಲಿ ಹಳ್ಳಿಯ ಮುದುಕಿಯರ ನೆನಪು ಮಾಡಿತು. ಆದರೆ ರಕ್ತ ಕೊಡಲು ಜನ ಹಿಂಜರಿದರು. ಹೊರಗಿನವರು ಬಂದು ರಕ್ತ ಬಸಿದುಕೊಂಡು ಹೋಗುತ್ತಾರೆ, ತಮಗೇನು ಎಂಬ ಅವರ ಪ್ರಶ್ನೆ ಅನ್ಯಾಯವಾದುದೇನೂ ಅಲ್ಲ. ತನ್ನ ತಾಯಿಗೂ ಇದೇ ರೋಗವಿತ್ತೆಂದು ನ್ಯಾನ್ಸಿ ಹೇಳಿದಾಗ ಅವರು ಮೊದಲು ನಂಬಲಿಲ್ಲ. ಇದು ತಮ್ಮ ಹಳ್ಳಿಗಳಿಗೇ ಅಂಟಿದ ಶಾಪವೆಂದು ಅವರ ತಿಳಿವಳಿಕೆ. ಪರೀಕ್ಷೆಗಾಗಿ ಚರ್ಮ ತೆಗೆದ ಗಾಯದ ಕಲೆ ಆಕೆಯ ತೋಳಿನ ಮೇಲಿತ್ತು. ತಂಡದ ನರ್ಸು ಆಕೆಯ ತೋಳನ್ನು ಎಳೆದು ಹಿಡಿದು, ನೋಡಿ, ಇವಳಿಗೂ ಗುರುತಿದೆ ಎಂದು ಎಲ್ಲರಿಗೂ ತೋರಿಸಿದಳು. ಆ ಮೇಲೆ ಕೈಚಾಚಿದವರು ಒಬ್ಬಿಬ್ಬರಲ್ಲ. ಕಾಲಕ್ರಮದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರಕ್ತದ ಮಾದರಿಗಳು ಬಂದವು.

ಆ ರಕ್ತ ಬಾಸ್ಟನ್ನಿನಲ್ಲಿ ಜೇಮ್ಸ್ ಗುಸೆಲ್ಲ ಎಂಬ ತರುಣ ವಿಜ್ಞಾನಿಯ ಪ್ರಯೋಗಾಲಯವನ್ನು ಸೇರಿತು. ವಿಳಾಸವಿಲ್ಲದ ಮನೆಯನ್ನು ಹುಡುಕುವ ಕೆಲಸ ಅದು. ರೋಗವಿರುವವರಲ್ಲಿ ಮಾತ್ರ, ರೋಗದೊಡನೆ ಜೊತೆಜೊತೆಯಾಗಿ ಇಳಿದುಬರುವ ಡಿಎನ್‌ಎಯ ಗುರುತೊಂದು ಸಿಕ್ಕರೆ, ಮನೆ ಆ ಬೀದಿಯಲ್ಲಿಯೇ ಇದೆಯೆಂದು ಗೊತ್ತಾಗುತ್ತದೆ. ನೂರಾರು ಗುರುತುಗಳನ್ನು ಪರೀಕ್ಷಿಸಬೇಕಾದೀತೆಂದು ಹೆದರಿದ್ದರು. ಮೊದಲ ಹನ್ನೆರಡರೊಳಗೇ ಅದು ಸಿಕ್ಕಿಬಿಟ್ಟಿತು. ೧೯೮೩ರ ನವೆಂಬರಿನಲ್ಲಿ ಸುದ್ದಿ ಪ್ರಕಟವಾಯಿತು: ವಂಶವಾಹಿ ಇರುವುದು ನಾಲ್ಕನೆಯ ವರ್ಣತಂತುವಿನ ತುದಿಯಲ್ಲಿ. ಬೀದಿ ಸಿಕ್ಕಿತು; ಮನೆ ಸಿಕ್ಕಲು ಇನ್ನೂ ಹತ್ತು ವರ್ಷ ಬೇಕಾಯಿತು. ೧೯೯೩ರ ಮಾರ್ಚಿನಲ್ಲಿ ಆರು ತಂಡಗಳ ೫೮ ವಿಜ್ಞಾನಿಗಳು ಒಟ್ಟಾಗಿ ಅದನ್ನು ಪ್ರಕಟಿಸಿದರು.

ಕಂಡದ್ದು ವಿಚಿತ್ರವಾಗಿತ್ತು. ಆ ವಂಶವಾಹಿಯಲ್ಲಿ ಸಿ-ಎ-ಜಿ ಎಂಬ ಮೂರಕ್ಷರದ ಮಾತು ಮತ್ತೆ ಮತ್ತೆ ಬರುತ್ತದೆ. ಸಾಮಾನ್ಯರಲ್ಲಿ ಅದು ೨೬ ಸಲವನ್ನು ಮೀರುವುದಿಲ್ಲ. ೪೦ ಅಥವಾ ಅ��ಕ್ಕೆ ಹೆಚ್ಚು ಸಲ ಬಂದರೆ, ಸಾಕಷ್ಟು ಕಾಲ ಬದುಕಿದವನಿಗೆ ರೋಗ ತಪ್ಪದು. ೩೬ರಿಂದ ೩೯ ಇದ್ದವರಿಗೆ ಬಂದರೂ ಬರಬಹುದು, ತಪ್ಪಿದರೂ ತಪ್ಪಬಹುದು. ತೊದಲುವವನ ನಾಲಿಗೆಯಲ್ಲಿ ಒಂದೇ ಅಕ್ಷರ ಸಿಕ್ಕಿಕೊಂಡ ಹಾಗೆ ಇದು. ತೊದಲು ಹೆಚ್ಚಿದಷ್ಟೂ ರೋಗ ಬೇಗ ಬರುತ್ತದೆ. ತಂದೆಯಿಂದ ಮಗುವಿಗೆ ಇಳಿಯುವಾಗ ಅದು ಇನ್ನಷ್ಟು ಉದ್ದವಾಗುವುದುಂಟು. ಕೆಲವು ಮನೆಗಳಲ್ಲಿ ತಂದೆಗಿಂತ ಮಗನಿಗೆ ಎಳೆಯ ವಯಸ್ಸಿನಲ್ಲೇ ಕಾಯಿಲೆ ಬರುವುದೇಕೆಂಬ ಹಳೆಯ ಒಗಟು ಹೀಗೆ ಬಿಡಿಸಿಕೊಂಡಿತು. ೨೭ರಿಂದ ೩೫ ಇರುವವರಿಗೆ ರೋಗವಿಲ್ಲ. ಆದರೂ ಅವರ ಮಕ್ಕಳಲ್ಲಿ ಆ ಸಂಖ್ಯೆ ಒಮ್ಮೊಮ್ಮೆ ಮಿತಿ ದಾಟುತ್ತದೆ. ಎಂದರೆ, ಕಡಿದ ಎಳೆ ಮತ್ತೆ ಕೂಡುವುದಿಲ್ಲವೆಂದು ೨೨ರ ತರುಣ ಹೇಳಿದ್ದು ನಿಜ. ಹೊಸ ಎಳೆಗಳು ಹೇಗೆ ಹುಟ್ಟುತ್ತವೆಂಬುದು ಆತನಿಗೆ ಕಾಣುವಂತಿರಲಿಲ್ಲ.

ವಂಶವಾಹಿ ಸಿಕ್ಕಿದೊಡನೆ, ರೋಗದ ಲಕ್ಷಣವೊಂದೂ ಇಲ್ಲದ ಇಪ್ಪತ್ತರ ಹರೆಯದವನಿಗೂ ಅವನ ಭವಿಷ್ಯವನ್ನು ಒಂದು ತೊಟ್ಟು ರಕ್ತದಿಂದ ಹೇಳುವುದು ಸಾಧ್ಯವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಈ ಪರೀಕ್ಷೆ ನಡೆಯುತ್ತದೆ. ಆದರೆ ಇದನ್ನು ಬಯಸಿ ಬರುವವರು ಎಲ್ಲ ದೇಶಗಳಲ್ಲೂ ಕಡಿಮೆ. ಅಪಾಯದ ಅಂಚಿನಲ್ಲಿರುವ ಬಹುಪಾಲು ಜನ ತಿಳಿಯದಿರುವುದನ್ನೇ ಆರಿಸಿಕೊಳ್ಳುತ್ತಾರೆ. ಇದನ್ನು ಹೇಡಿತನವೆನ್ನುವವರಿದ್ದಾರೆ; ನನಗೆ ಹಾಗೆ ತೋರುವುದಿಲ್ಲ. ಮೈಯ ನುಲಿತವನ್ನು ತಗ್ಗಿಸುವ ಔಷಧಗಳಿವೆ. ರೋಗವನ್ನು ಬೇರಿನಿಂದ ಕೀಳುವ ಮದ್ದಿಗಾಗಿ ಪ್ರಯೋಗಗಳು ನಡೆದಿವೆಯೇ ಹೊರತು ಮದ್ದು ಇನ್ನೂ ಕೈಗೆ ಬಂದಿಲ್ಲ. ಹಾಗಿರುವಾಗ, ತಿಳಿದುಕೊಂಡು ಮಾಡುವುದೇನು ಎಂಬ ಪ್ರಶ್ನೆಗೆ ಪ್ರತಿಯೊಬ್ಬನೂ ತನ್ನದೇ ಉತ್ತರ ಹುಡುಕಬೇಕು. ಕೆಲವರು ಮದುವೆಗೆ ಮುನ್ನ ತಿಳಿಯಬಯಸುತ್ತಾರೆ, ಕೆಲವರು ಮಕ್ಕಳಿಗಾಗಿ. ರೋಗವಿಲ್ಲವೆಂದು ತಿಳಿದು ಬಂದವರೂ ಎಷ್ಟೋ ವೇಳೆ ಹಗುರಾಗುವುದಿಲ್ಲವಂತೆ. ಅಕ್ಕನಿಗೆ ಬಂದು ತನಗೆ ಬರದೇ ಹೋದದ್ದು ಅವರನ್ನು ಕಾಡುತ್ತದೆ.

ಆ ಪರೀಕ್ಷೆ ಸಾಧ್ಯವಾಗುವಂತೆ ಮಾಡಿದ ನ್ಯಾನ್ಸಿ ವೆಕ್ಸ್‌ಲರ್ ತನ್ನ ವಿಷಯದಲ್ಲಿ ದಶಕಗಳ ಕಾಲ ಬಾಯಿ ಬಿಡಲಿಲ್ಲ. ೨೦೨೦ರ ಮಾರ್ಚಿನಲ್ಲಿ, ೭೪ನೆಯ ವಯಸ್ಸಿನಲ್ಲಿ, ತನಗೂ ರೋಗವಿದೆಯೆಂದು ಆಕೆ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಹೇಳಿದಳು. ನಡಿಗೆಯಲ್ಲಿ, ಕೈಗಳ ಚಲನೆಯಲ್ಲಿ ಅದು ಕೆಲವು ವರ್ಷಗಳಿಂದ ಕಾಣುತ್ತಿತ್ತು, ಸುತ್ತಲಿನವರು ಕೇಳಿರಲಿಲ್ಲ.

ಮರಕೈಬೊದಲ್ಲಿ ರಕ್ತ ಕೊಟ್ಟವರಲ್ಲಿ ಬಹಳ ಮಂದಿ ಈಗಿಲ್ಲ. ಅವರಿಗಾಗಿ ೧೯೯೯ರಲ್ಲಿ ತೆರೆದ ಆಶ್ರಯಧಾಮ ಹಣವಿಲ್ಲದೆ ಮುಚ್ಚಿತು. ಜಗತ್ತಿನ ಎಲ್ಲ ಪ್ರಯೋಗಾಲಯಗಳೂ ಬಳಸುವ ತಿಳಿವಳಿಕೆ ಆ ಗುಡಿಸಿಲುಗಳಿಂದ ಬಂದದ್ದು, ಆ ಗುಡಿಸಿಲುಗಳಿಗೆ ಹಿಂದಿರುಗಿದ್ದು ತೀರ ಅಲ್ಪ. ೨೦೧೭ರ ಮೇ ೧೮ರಂದು, ವೆನಿಜುವೆಲಾ ಸೇರಿದಂತೆ ದಕ್ಷಿಣ ಅಮೆರಿಕದ ದೇಶಗಳಿಂದ ಈ ರೋಗದ ಕುಟುಂಬಗಳು ರೋಮಿಗೆ ಹೋದವು. ಮೈ ನುಲಿಯುತ್ತ, ತಲೆ ಹೊರಳಿಸುತ್ತ ವ್ಯಾಟಿಕನ್ನಿನ ಸಭಾಂಗಣದಲ್ಲಿ ಅವರು ಕುಳಿತಿದ್ದರು. ಇವರು ಇನ್ನೆಂದಿಗೂ ಮರೆಯಲ್ಲಿರಬೇಕಾಗಿಲ್ಲ ಎಂದು ಪೋಪ್ ಫ್ರಾನ್ಸಿಸ್ ಅಂದು ಹೇಳಿದರು. ಆಮೇಲೆ ಕೆಳಗಿಳಿದು ಬಂದು ಅವರನ್ನು ಅಪ್ಪಿಕೊಂಡರು.